ಡಬಲ್ ಬಿದ್ದ ಫಾರಂ

ಸೂಜಿಯಕ್ಕನನ್ನು ಸೋಮಾರಿ ಎಂದವರ ಪಟ್ಟಿ ಮಾಡಲು ಕೂತರೆ ಮೊದಲು ನನ್ನನ್ನೇ ಬರೆಯಬೇಕು. ಇದನ್ನು ಈಗಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಉಳಿದವರ ಮೇಲೆ ಹರಿಹಾಯುವಾಗ ‘ನೀನೇನು ಮಹಾ ಸಾಚಾ’ ಎಂದು ಯಾರೂ ಕೇಳಬಾರದು. ಸಾಚಾ ಅಲ್ಲ. ಹದಿನಾರು ವರ್ಷ ಅವಳ ಎದುರು ಕೂತು ಕೆಲಸ ಮಾಡಿದವಳು ನಾನು. ಮಧ್ಯಾಹ್ನ ಅವಳು ಮೇಜಿಗೆ ತಲೆಯಾನಿಸಿದರೆ “ಏಳಮ್ಮ ಮಹಾರಾಣಿ, ಹಾಸಿಗೆ ತರಿಸಲಾ?” ಎಂದು ನಾಲ್ಕು ಜನರ ಮುಂದೆ ನಗಾಡಿದವಳೂ ನಾನೇ. ಈಗ ಆ ಮಾತು ನೆನಪಾದಾಗೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನಿಸುತ್ತದೆ.

ನಮ್ಮದು ಪುಸ್ತಕದ ಬೈಂಡಿಂಗ್ ಕೆಲಸ. ಉದ್ದನೆಯ ಹಾಲ್, ಎರಡು ಸಾಲು ಮೇಜು, ಮೂಲೆಯಲ್ಲಿ ರಟ್ಟು ಕತ್ತರಿಸುವ ಯಂತ್ರ, ಎಲ್ಲದರ ಮೇಲೂ ಗೋಂದಿನ ವಾಸನೆ. ಪ್ರೆಸ್ಸಿನಿಂದ ಬರುವ ದೊಡ್ಡ ಹಾಳೆಯನ್ನು ಮಡಚಿದರೆ ಹದಿನಾರು ಪುಟ. ಆ ಮಡಿಕೆಗೆ ನಾವು ಫಾರಂ ಎನ್ನುತ್ತೇವೆ. ನಾನು ಫಾರಂಗಳನ್ನು ಒಂದು, ಎರಡು, ಮೂರು ಎಂದು ಕ್ರಮವಾಗಿ ಜೋಡಿಸಿ ಎದುರಿನ ಮೇಜಿಗೆ ತಳ್ಳಬೇಕು. ಸೂಜಿಯಕ್ಕ ಪ್ರತಿ ಫಾರಂನ ನಡು ಬಿಡಿಸಿ ದಾರ ಹಾಯಿಸಿ ಹೊಲಿಯಬೇಕು. ಹೊಲಿಗೆಯಲ್ಲಿ ಅವಳದು ಎತ್ತಿದ ಕೈ. ಅವಳು ಹೊಲಿದ ಪುಸ್ತಕವನ್ನು ಮೂವತ್ತು ವರ್ಷ ಬಿಟ್ಟು ತೆಗೆದರೂ ಒಂದು ಹಾಳೆ ಕಿತ್ತು ಬರುವುದಿಲ್ಲ. ಸೂಜಿ ಎಂಬ ಹೆಸರು ಬಂದದ್ದು ಆ ಕೈಯಿಂದ. ನಾಲಿಗೆಯಿಂದ ಎಂದೂ ಕೆಲವರು ಹೇಳುತ್ತಾರೆ, ಅದೂ ಸುಳ್ಳಲ್ಲ.

ಹೊಲಿಯುವವಳ ಕಣ್ಣಿಗೆ ಬೀಳುವುದು ಪ್ರತಿ ಹದಿನಾರು ಪುಟದಲ್ಲಿ ನಡುವಿನ ಎರಡೇ ಪುಟ. ಮೊದಲೆಲ್ಲ ಅವಳು ಆ ಎರಡೆರಡೇ ಪುಟ ಓದಿಕೊಂಡು, ಉಳಿದದ್ದನ್ನು ತಾನೇ ಹೊಸೆದು, ಊಟದ ಹೊತ್ತಿಗೆ ನಮಗೆ ಇಡೀ ಕಥೆ ಹೇಳುತ್ತಿದ್ದಳು. ಒಮ್ಮೆ ಬೀಜಗಣಿತದ ಪುಸ್ತಕದಿಂದಲೂ ಒಂದು ಪ್ರೇಮಕಥೆ ತೆಗೆದಿದ್ದಳು. ನಕ್ಕು ನಕ್ಕು ನಮಗೆ ಹೊಟ್ಟೆನೋವು ಬಂದಿತ್ತು. ಆ ಕಥೆಗಳು ಯಾವ ವರ್ಷ ನಿಂತವು ಎಂದು ನನಗೆ ನೆನಪಿಲ್ಲ. ನಿಂತದ್ದೇಕೆ ಎಂದು ಕೇಳಿದವರೂ ಇಲ್ಲ.

ನಮ್ಮ ಕೆಲಸದಲ್ಲಿ ಒಂದು ಕೆಟ್ಟ ತಪ್ಪಿದೆ. ಎರಡನೇ ಫಾರಂ ಎರಡು ಸಲ ಬಿದ್ದು, ಮೂರನೆಯದು ಬಿಟ್ಟುಹೋಗುವುದು. ‘ಡಬಲ್ ಬಿದ್ದಿದೆ’ ಎನ್ನುತ್ತೇವೆ. ಪುಸ್ತಕದ ದಪ್ಪ ಅಷ್ಟೇ ಇರುತ್ತದೆ, ತೂಕ ಅಷ್ಟೇ ಇರುತ್ತದೆ, ಹೊರಗಿನಿಂದ ನೋಡಿದರೆ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಜೋಡಿಸುವವಳು ಎಡವಿದರೂ ಹೊಲಿಯುವವಳು ಫಾರಂ ಬುಡದ ನಂಬರ್ ನೋಡಿ ಹಿಡಿಯಬೇಕು. ಅದಕ್ಕೇ ಹೊಲಿದವರು, ಪರೀಕ್ಷೆ ಮಾಡಿದವರು ಕೊನೆಯ ಪುಟದ ಮೂಲೆಯಲ್ಲಿ ತಮ್ಮ ಗುರುತು ಹಾಕಬೇಕು. ಸೂಜಿಯಕ್ಕನದು ಸೂಜಿಯ ಒಂದು ಚುಚ್ಚು. ಮೇಸ್ತ್ರಿಯದು ಪೆನ್ಸಿಲ್‌ನ ಸರಿ ಗುರುತು. ಆದರೆ ಅದರ ತುದಿ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿರುತ್ತದೆ. ಆ ಬಾಲ ಯಾವ ಕತ್ತಲಲ್ಲಿ ತೋರಿಸಿದರೂ ನಾವು ಗುರುತಿಸುತ್ತೇವೆ.

ತಪ್ಪು ಸಿಕ್ಕರೆ ಮೇಸ್ತ್ರಿಯದೊಂದು ಕಾನೂನು. ಗುರುತಿನವರು ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ “ನನ್ನ ಕೈ” ಎನ್ನಬೇಕು. ಆಮೇಲೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯಬೇಕು. ಮೆಲ್ಲಗೆ ಹೇಳಿದರೆ ಅವನು ಕಿವಿಗೆ ಕೈ ಹಿಡಿದು “ಕೇಳಿಸ್ಲಿಲ್ಲ. ಆ ಕಡೆ ಮೇಜಿಗೂ ಕೇಳ್ಬೇಕು” ಎನ್ನುತ್ತಿದ್ದ. ಕಳೆದ ಒಂದೇ ವರ್ಷದಲ್ಲಿ ಸೂಜಿಯಕ್ಕ ಹನ್ನೊಂದು ಸಲ ಎದ್ದು ನಿಂತಳು. ಅದರಲ್ಲಿ ಆರೇಳು ಸಲವಾದರೂ ಡಬಲ್ ಹಾಕಿದ್ದು ನನ್ನ ಕೈ. ಜೋಡಿಸುವವರಿಗೆ ಗುರುತಿಲ್ಲ, ನಾನು ಬಾಯಿ ಬಿಡಲಿಲ್ಲ.

ಹಾಗೆ ಅವಳನ್ನು ನಿಲ್ಲಿಸುತ್ತಿದ್ದ ಮೇಸ್ತ್ರಿ ಅವಳ ಸ್ವಂತ ಅಣ್ಣ.

ಎಂಟು ವರ್ಷದ ಹಿಂದೆ ಅವರ ಅಮ್ಮ ಹೋದಾಗ ಡಾಕ್ಟರು ಇಬ್ಬರು ಮಕ್ಕಳ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದರು. ಅಮ್ಮನಿಗಿದ್ದ ಲಿವರ್ ಕಾಯಿಲೆ ಇಬ್ಬರಲ್ಲೂ ಸಿಕ್ಕಿತು. ಪಿತ್ತ ಸರಿಯಾಗಿ ಹರಿಯದೆ ಒಳಗೇ ಕಟ್ಟಿಕೊಂಡು ಲಿವರನ್ನು ನಿಧಾನವಾಗಿ ಹಾಳು ಮಾಡುವ ಕಾಯಿಲೆ. ವಂಶದಲ್ಲಿ ಬಂದದ್ದು, ವಾಸಿಯಾಗುವುದಿಲ್ಲ, ಮಾತ್ರೆ ನುಂಗಿಕೊಂಡು ಇರಬೇಕು ಎಂದರು. ಲಿವರ್ ಎಂದ ಕೂಡಲೇ ಜನರ ಕಣ್ಣು ಬಾಟಲಿ ಹುಡುಕುತ್ತದೆ. ಕಾಗದದ ಗಾಡಿಯವನು ಒಮ್ಮೆ ಹಲ್ಲು ಕಿರಿದು “ಅಕ್ಕ, ನಿಮ್ದು ಯಾವ ಬ್ರ್ಯಾಂಡು?” ಎಂದ. ಅವಳು ತಲೆ ಎತ್ತದೆ, “ಗೋಂದು ಕಣೋ. ದಿನಕ್ಕೆ ಎರಡು ಡಬ್ಬ. ಬಾಯಿ ತೆಗಿ, ನಿನಗೂ ಸುರೀತೀನಿ” ಎಂದಳು. ಅವನು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಹೊರಗಿನವರ ಬಾಯಿಗೆ ಹೀಗೆ ಬೀಗ ಹಾಕಬಹುದು. ಮನೆಯವರ ಬಾಯಿಗೆ? ಅಣ್ಣ ಗುಂಡುಕಲ್ಲಿನ ಹಾಗಿದ್ದ. ರಟ್ಟಿನ ಹೊರೆ ಹೊತ್ತು ಮಹಡಿ ಹತ್ತುತ್ತಿದ್ದ, ದಿನವಿಡೀ ನಿಂತೇ ಇರುತ್ತಿದ್ದ. ಇವಳು ಬೆಳಗ್ಗೆ ಎದ್ದಾಗಲೇ ಸುಸ್ತು. ಅಂಗೈ, ಅಂಗಾಲು ಸದಾ ತುರಿಕೆ. ಕಾಗದದ ಮಡಿಕೆ ತೀಡಲು ನಮಗೆ ಕೊಡುವ ಮೂಳೆಯ ಪಟ್ಟಿಯಿಂದ ಮೇಜಿನ ಕೆಳಗೆ ಅಂಗಾಲು ಕೆರೆದುಕೊಳ್ಳುತ್ತಿದ್ದಳು. ಚರ್ಮ ಕಿತ್ತು ರಕ್ತ ಬಂದದ್ದನ್ನು ನಾನೇ ನೋಡಿದ್ದೇನೆ. ಏನಾದರೂ ಹೇಳಲು ಬಾಯಿ ತೆರೆದರೆ ಅಣ್ಣನ ಮಾತು ಸಿದ್ಧವಿತ್ತು.

“ನನಗೂ ಅದೇ ಕಾಯಿಲೆ. ಅದೇ ಅಮ್ಮನ ಹೊಟ್ಟೇಲಿ ಹುಟ್ಟಿದ್ದು, ಅದೇ ಡಾಕ್ಟ್ರು, ಅದೇ ಮಾತ್ರೆ. ನಾನು ಓಡಾಡ್ತಿಲ್ವಾ?”

ರಿಪೋರ್ಟೂ ಇಬ್ಬರದ್ದೂ ಹೆಚ್ಚು ಕಡಿಮೆ ಒಂದೇ. ಹಾಗಾದರೆ ತನ್ನಲ್ಲೇ ಏನೋ ಐಬು ಇದೆ ಎಂದು ಅವಳೂ ನಂಬಿಬಿಟ್ಟಿದ್ದಳು, ಅದೇ ನನ್ನನ್ನು ಈಗ ಹೆಚ್ಚು ಉರಿಸುವುದು. ಅವರಮ್ಮನೂ ಹೀಗೆ ಹಗಲು ಹೊತ್ತಿನಲ್ಲಿ ಮಲಗುತ್ತಿದ್ದವಳಂತೆ, ಹೀಗೇ ಕೆರೆದುಕೊಳ್ಳುತ್ತಿದ್ದವಳಂತೆ. ಆ ಮನೆಯಲ್ಲಿ ಅದಕ್ಕೊಂದು ಹೆಸರಿತ್ತು, ‘ಅಮ್ಮನ ಚಾಳಿ’. ಮಗಳು ಮಂಚಕ್ಕೆ ಒರಗಿದರೆ ಸಾಕು, “ಬಂತು ನೋಡು ಅಮ್ಮನ ಚಾಳಿ” ಎಂದು ಅಣ್ಣನ ಹೆಂಡತಿ ಮೂಗು ಮುರಿಯುತ್ತಿದ್ದಳು.

ಈ ವರ್ಷ ಮಾಲೀಕರು ಹನ್ನೊಂದು ತಪ್ಪಿನ ಲೆಕ್ಕ ಕೇಳಿದರು. ತಿಂಗಳ ಕೊನೆಗೆ ಹೊಲಿಗೆ ಮೇಜು ಬೇರೆಯವರಿಗೆ ಎಂದು ತೀರ್ಮಾನವಾಯಿತು. ಅಣ್ಣನೇ ಬಂದು ಹೇಳಿದ.

“ನಿಜವಾಗ್ಲೂ ಕೈಲಾಗಲ್ಲ ಅಂದ್ರೆ ಡಾಕ್ಟ್ರ ಹತ್ರ ಕಾಗದ ಬರೆಸ್ಕೊಂಡು ಬಾ. ಅರ್ಧ ದಿನದ ಕೆಲಸ ಕೇಳಿ ನೋಡ್ತೀನಿ. ಇಲ್ಲಾಂದ್ರೆ ಮನೇಲಿರು. ಯಾರು ಬೇಡ ಅಂದ್ರು?”

ಅವನು ಅತ್ತ ಹೋದ ಮೇಲೆ ಅವಳು ಸೂಜಿಗೆ ದಾರ ಪೋಣಿಸುತ್ತಾ ಹೇಳಿದಳು: “ಮನೇಲಿರೋದು ಅಂದ್ರೆ ಏನು ಗೊತ್ತಾ? ಅವನ ಮನೆ, ಹಿಂದಿನ ಕೋಣೆ, ಅಮ್ಮ ಮಲಗಿದ್ಲಲ್ಲ, ಅದೇ ಮಂಚ. ಸಾಯೋವರೆಗೂ ಚಾಳಿ ಅನ್ನಿಸ್ಕೊಂಡು ಬಿದ್ದಿರೋದು. ಈ ಮೇಜು ಒಂದೇ ಕಣೇ ನಂದು ಅಂತ ಇರೋದು.”

ದಾರ ಸೂಜಿಯ ಕಣ್ಣಿಗೆ ಹೋಗಲಿಲ್ಲ. ನಾನು ಪೋಣಿಸಿ ಕೊಟ್ಟೆ.

ಆಸ್ಪತ್ರೆಗೆ ಆರು ತಿಂಗಳಿಗೊಮ್ಮೆ ಅಣ್ಣ ತಂಗಿ ಒಟ್ಟಿಗೇ ಹೋಗುತ್ತಿದ್ದರು. ಈ ಸಲ ಶಾಲೆಯ ಪುಸ್ತಕಗಳ ಅವಸರ, ಅವನು ತನ್ನ ತಪಾಸಣೆಯನ್ನು ಹಿಂದಿನ ವಾರವೇ ಮುಗಿಸಿಕೊಂಡು ಬಂದಿದ್ದ. ಆರು ತಿಂಗಳ ಹಿಂದೆ ಹೊಸದಾಗಿ ಬಂದ ಡಾಕ್ಟರಮ್ಮ ಇಬ್ಬರ ರಕ್ತವನ್ನೂ ವಂಶದ ಪರೀಕ್ಷೆಗೆ ಕಳಿಸಿದ್ದರು. ಅವನ ಫಲಿತಾಂಶ ನಮಗೆಲ್ಲ ಗೊತ್ತಿತ್ತು. “ಅಮ್ಮನ ಕಡೆಯಿಂದ ಒಂದೇ ಪಾಲು ಬಂದಿರೋದಂತೆ. ಅಪ್ಪನ ಕಡೆಯದು ಕ್ಲೀನ್!” ಎಂದು ಪರೀಕ್ಷೆ ಪಾಸಾದವನ ಹಾಗೆ ಹೇಳಿಕೊಂಡು ತಿರುಗಿದ್ದ.

ಸೂಜಿಯಕ್ಕನ ಜೊತೆ ನಾನು ಹೋದೆ. ಕಾಗದ ಬರೆಸದೆ ವಾಪಸು ಬರುವುದಿಲ್ಲ ಎಂದು ಹಟ ತೊಟ್ಟೇ ಹೋದೆ. ನರ್ಸ್ ಬಂದು ನಾಲ್ಕು ಪುಟದ ಒಂದು ಫಾರಂ ಕೈಗಿಟ್ಟಳು. ಸೂಜಿಯಕ್ಕ ಅಭ್ಯಾಸಬಲದಿಂದ ಅದರ ನಡು ಮಡಚಿ ಮೂಳೆಪಟ್ಟಿಗೆ ಚೀಲದೊಳಗೆ ಕೈ ಹಾಕಿದಳು.

“ಅಯ್ಯೋ, ಮಡಚಬೇಡಿ. ಇದನ್ನ ತುಂಬ್ಬೇಕು,” ಎಂದಳು ನರ್ಸ್.

“ನಾನಾ? ಇದನ್ನೆಲ್ಲಾ ಅಣ್ಣ ತುಂಬ್ತಾನೆ.”

ಪಕ್ಕದ ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ತಿರುಗಿ ನೋಡಿದರು. “ಯಾವಾಗಿಂದ?”

“ಮೊದಲ್ನಿಂದಲೂ. ನಾನು ರಕ್ತ ಕೊಡೋ ಸಾಲಲ್ಲಿ ನಿಂತಿರ್ತೀನಿ, ಅಷ್ಟರಲ್ಲಿ ಅವನು ಇಬ್ಬರದ್ದೂ ತುಂಬಿರ್ತಾನೆ. ದಿನಾ ನೋಡ್ತಾನಲ್ಲ ನನ್ನ.”

“ಇವತ್ತು ನೀವೇ ತುಂಬಿ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ.”

ಪ್ರಶ್ನೆಗಳು ನೇರವಾಗಿದ್ದವು. ಕಳೆದ ಎರಡು ವಾರದಲ್ಲಿ ಎಷ್ಟು ಸಲ ಸುಸ್ತಾಯಿತು, ಎಷ್ಟು ಸಲ ಮೈ ತುರಿಸಿತು, ಕೆಲಸದಲ್ಲಿ ಗಮನ ತಪ್ಪಿತೇ, ನಿದ್ದೆ ಕೆಟ್ಟಿತೇ. ಒಂದೊಂದಕ್ಕೂ ‘ಒಮ್ಮೆಯೂ ಇಲ್ಲ’ದಿಂದ ‘ಯಾವಾಗಲೂ’ ತನಕ ಸಾಲಾಗಿ ಮನೆಗಳು. ಅವಳು ಮುಕ್ಕಾಲು ಗಂಟೆ ಕೂತು, ಪೆನ್ನಿನ ತುದಿಯನ್ನು ಸೂಜಿಯಂತೆ ಹಿಡಿದು, ಒಂದೊಂದೇ ಚುಕ್ಕೆ ಇಟ್ಟಳು. ಹೆಚ್ಚಿನವು ಬಲಗಡೆಯ ಕೊನೆಯ ಮನೆಯಲ್ಲಿದ್ದವು.

ಡಾಕ್ಟರಮ್ಮ ಅದನ್ನು ಓದಿ ಹುಬ್ಬು ಗಂಟಿಕ್ಕಿದರು. “ಎಂಟು ವರ್ಷ ಆರಾಮಾಗಿದ್ರಿ. ಆರೇ ತಿಂಗಳಲ್ಲಿ ಇಷ್ಟು ಕೆಟ್ಟುಹೋಯ್ತಾ? ಹೀಗಿದ್ರೆ ಕಾಗದ ಹೇಗೆ ಬರೀಲಿ? ಹಳೇದೆಲ್ಲ ಬೇರೆ ಹೇಳ್ತಿದೆಯಲ್ಲ.” ದಪ್ಪನೆಯ ಫೈಲನ್ನು ನಮ್ಮ ಕಡೆ ತಿರುಗಿಸಿದರು.

ಹದಿನಾರು ಫಾರಂ. ತುರಿಕೆ, ಒಮ್ಮೆಯೂ ಇಲ್ಲ. ಸುಸ್ತು, ಒಮ್ಮೆಯೂ ಇಲ್ಲ. ಗಮನ ತಪ್ಪುವುದು, ಒಮ್ಮೆಯೂ ಇಲ್ಲ. ಎಲ್ಲ ಎಡಗಡೆಯ ಮನೆಯಲ್ಲಿ, ಎಲ್ಲಕ್ಕೂ ಒಂದು ಸರಿ ಗುರುತು, ಎಲ್ಲ ಗುರುತಿಗೂ ಸುರುಳಿ ಬಾಲ. ಸೂಜಿಯಕ್ಕ ಹಾಳೆ ಮಗುಚುತ್ತಾ ಹೋದಳು. ನಾಲ್ಕನೇ ವರ್ಷದ್ದರ ಕೊನೆಯಲ್ಲಿ ಬೆರಳು ನಿಂತಿತು. ‘ಬೇರೆ ತೊಂದರೆ ಇದ್ದರೆ ಬರೆಯಿರಿ’ ಎಂಬಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು: ‘ಬೆಳಗ್ಗೆ ಗಡ್ಡ ಕೆರೆಯುವಾಗ ಭುಜ ಸ್ವಲ್ಪ ಹಿಡಿಯುತ್ತದೆ.’

ನನಗೆ ನಗು ಉಕ್ಕಿತು. ಆಮೇಲೆ ಮೈಯೆಲ್ಲ ಉರಿಯಿತು. ತನ್ನ ಫಾರಂ ನೋಡಿಕೊಂಡು ಹಾಗೇ ಇಳಿಸಿದ್ದಾನೆ, ಪುಣ್ಯಾತ್ಮ! ಗಡ್ಡವನ್ನೂ ಬಿಟ್ಟಿಲ್ಲ. ಅವನದು ಒತ್ತಟ್ಟಿಗಿರಲಿ. ಈ ಆಸ್ಪತ್ರೆಯಲ್ಲಿ ಎಷ್ಟು ಡಾಕ್ಟರು ಬಂದು ಹೋದರು? ಹೆಂಗಸಿನ ಫೈಲಿನಲ್ಲಿ ಗಡ್ಡ ಬೆಳೆದು ನಾಲ್ಕು ವರ್ಷವಾದರೂ ಒಬ್ಬರ ಕಣ್ಣಿಗಾದರೂ ಬೀಳಬೇಡವೇ? ಅದನ್ನು ನಾನು ಅಲ್ಲೇ ಕೇಳಿದೆ, ಜೋರಾಗಿಯೇ ಕೇಳಿದೆ. ಡಾಕ್ಟರಮ್ಮ ಮುಖ ಕೆಂಪಾಗಿ, “ತಪ್ಪು ನಮ್ದು. ಅಂಕ ಕೂಡಿಸಿ ಮೊತ್ತ ಬರೀತಾರೆ, ಓದಲ್ಲ,” ಎಂದರು. ಆಕೆ ವಾದಕ್ಕಿಳಿಯದೆ ಒಪ್ಪಿಕೊಂಡದ್ದರಿಂದ ನಾನು ಕುರ್ಚಿಯಲ್ಲಿ ಕೂತೆ.

ಆಮೇಲೆ ಅವರು ಪರೀಕ್ಷೆಯ ಫಲಿತಾಂಶ ತೆಗೆದರು. “ಪಿತ್ತ ಹರಿಸೋ ಗುಣದ ಬೀಜ ಎಲ್ಲರಿಗೂ ಅಮ್ಮನಿಂದ ಒಂದು ಪ್ರತಿ, ಅಪ್ಪನಿಂದ ಒಂದು ಪ್ರತಿ ಬರುತ್ತೆ. ಒಂದು ಕೆಟ್ಟಿದ್ರೂ ಇನ್ನೊಂದು ಸರಿ ಇದ್ರೆ ಅದು ಒಂದಿಷ್ಟು ಕೆಲಸ ನಡೆಸುತ್ತೆ. ನಿಮಗೆ ಎರಡೂ ಕಡೆಯಿಂದ ಕೆಟ್ಟದ್ದೇ ಬಂದಿದೆ.”

ಸೂಜಿಯಕ್ಕ ಆ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. “ಕೆಟ್ಟದ್ದೇ ಎರಡು ಸಲ. ಸರಿಯಾದ್ದು ಬಿಟ್ಟುಹೋಗಿದೆ.”

“ಹೌದು.”

“ಡಬಲ್ ಬಿದ್ದಿದೆ.”

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಮ್ಮ ಕೆಲಸದ ಮಾತು ಎಂದು ನಾನು ವಿವರಿಸಿದೆ. “ಸರಿಯಾಗೇ ಹೇಳಿದ್ರಿ,” ಎಂದರು. “ನಿಮ್ಮ ತೊಂದರೆ ಎಲ್ಲಾ ಇದರಿಂದಲೇ ಅಂತ ನಾನು ಆಣೆ ಮಾಡಲ್ಲ. ಆದರೆ ಅಣ್ಣಂದೂ ನಿಮ್ದೂ ಒಂದೇ ಅನ್ನೋದು ತಪ್ಪು. ರಕ್ತದ ರಿಪೋರ್ಟ್ ಒಂದೇ ಥರ ಇರ್ಬೋದು, ದಿನ ಕಳೆಯೋದು ಒಂದೇ ಥರ ಇರಲ್ಲ. ಅದಕ್ಕೇ ಈ ಫಾರಂ ಇರೋದು.”

“ಅಮ್ಮಂಗೂ ಡಬಲ್ ಇತ್ತಾ?”

“ಇದ್ದಿರ್ಬೋದು. ಈಗ ಹೇಳೋಕಾಗಲ್ಲಮ್ಮ.”

ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಾ, “ಸೋಮಾರಿ ಅಂತ ಅನ್ನಿಸ್ಕೊಂಡೇ ಹೋದ್ಲು” ಎಂದಳು. ಅಷ್ಟೇ.

ಕಾಗದ ಸಿಕ್ಕಿತು. ತುರಿಕೆಗೆ ನೀರಿನಲ್ಲಿ ಕಲಸಿ ಕುಡಿಯುವ ಒಂದು ಪುಡಿಯನ್ನೂ ಕೊಟ್ಟರು. ಹೊಸ ಔಷಧಿಯೇ ಎಂದು ಕೇಳಿದೆ. ಇಲ್ಲ, ತುಂಬಾ ಹಳೆಯದು, ತುರಿಕೆ ಇದೆ ಎಂದು ಬರೆದಿದ್ದರೆ ಮೊದಲ ವರ್ಷವೇ ಕೊಡುತ್ತಿದ್ದೆವು ಎಂದರು. ಎಂಟು ದಿನದಲ್ಲಿ ಅವಳ ಅಂಗಾಲಿನ ಗಾಯ ಒಣಗತೊಡಗಿತು. ಎಂಟು ದಿನ! ಎಂಟು ವರ್ಷ ಅವಳು ಮೂಳೆಪಟ್ಟಿಯಿಂದ ಕಾಲು ಕೆರೆದುಕೊಂಡು ರಕ್ತ ಸುರಿಸಿದಳು, ಎಂಟು ದಿನದ ಪುಡಿ ಕಪಾಟಿನಲ್ಲೇ ಇತ್ತು.

ಆಸ್ಪತ್ರೆಯಿಂದ ಹೊರಡುವ ಮುಂಚೆ ಅವಳು ಹಳೆಯ ಹದಿನಾರು ಫಾರಂಗಳ ಜೆರಾಕ್ಸ್ ಕೇಳಿ ಪಡೆದಿದ್ದಳು. ಮರುದಿನ ಬೆಳಗ್ಗೆ ಎಲ್ಲ ಮೇಜಿನಲ್ಲೂ ಜನ ಕೂತ ಮೇಲೆ ಅವನ್ನು ಕ್ರಮವಾಗಿ ಜೋಡಿಸಿ, ಅಂಚು ತಟ್ಟಿ ಸಮ ಮಾಡಿ, ಮೇಸ್ತ್ರಿಯ ಮೇಜಿನ ಮೇಲಿಟ್ಟಳು.

“ಅಣ್ಣ, ಇದರಲ್ಲಿ ಡಬಲ್ ಬಿದ್ದಿದೆ. ಗುರುತು ಯಾರ್ದು ನೋಡು.”

ಅವನು ಮೊದಲ ಹಾಳೆ ನೋಡಿದ, ಎರಡನೆಯದು ನೋಡಿದ. “ಇದನ್ನೆಲ್ಲ ಇಲ್ಲಿಗ್ಯಾಕೆ ತಂದೆ? ಮನೇಲಿ ಮಾತಾಡೋಣ.”

“ಮನೇಲಿ ಬೇಡ. ಗುರುತು ಯಾರ್ದು?”

“ನಿಂಗೆ ಒಳ್ಳೇದಾಗ್ಲಿ ಅಂತಾನೇ... ಟೈಮ್ ಉಳೀಲಿ ಅಂತ. ಇಬ್ಬರದ್ದೂ ಒಂದೇ ಅಂದ್ಕೊಂಡೆ.”

“ನನ್ನನ್ನ ಒಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ? ನಾನು ನಿನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ಆ ಸಾಲಲ್ಲೇ ನಿಂತಿದ್ದೆ.”

ಕತ್ತರಿಸುವ ಯಂತ್ರ ನಿಂತಿತ್ತು. ಅವನು ತಲೆ ತಗ್ಗಿಸಿ ಗೊಣಗಿದ. “ನನ್ನ ಕೈ.”

ಸೂಜಿಯಕ್ಕ ಕಿವಿಗೆ ಕೈ ಹಿಡಿದಳು. “ಕೇಳಿಸ್ಲಿಲ್ಲ. ಆ ಕಡೆ ಮೇಜಿಗೂ ಕೇಳ್ಬೇಕು.”

ಅವನು ಎದ್ದು ನಿಂತ. ನಿಲ್ಲದೆ ಬೇರೆ ದಾರಿ ಇರಲಿಲ್ಲ, ಕಾನೂನು ಅವನದೇ. “ನನ್ನ ಕೈ” ಎಂದ, ಈ ಸಲ ಎಲ್ಲರಿಗೂ ಕೇಳಿಸಿತು. ನಾನೂ ಎದ್ದೆ. ಯಾಕೆ ಎದ್ದೆ ಎಂದು ಯೋಚಿಸಲಿಲ್ಲ. “ಹೋದ ವರ್ಷದ ಹನ್ನೊಂದರಲ್ಲಿ ಆರೇಳು ನನ್ನ ಕೈ” ಎಂದು ಕೂಗಿದೆ. ಅವಳು ನನ್ನ ಕಡೆ ತಿರುಗಿ, “ಎಂಟು. ನಾನು ಎಣಿಸಿದ್ದೆ. ಕೂತ್ಕೋ” ಎಂದಳು.

ಆಮೇಲೆ ಅಣ್ಣನಿಗೆ ಹೇಳಿದಳು: “ಪುಸ್ತಕ ಆಗಿದ್ರೆ ಬಿಚ್ಚಿ ಹೊಲಿ ಅಂತಿದ್ದೆ. ಇದರಲ್ಲಿ ಬಿಚ್ಚೋಕೆ ದಾರಾನೇ ಇಲ್ಲ.”

ಅವನು ಡಾಕ್ಟರ ಕಾಗದ ಹಿಡಿದುಕೊಂಡು ಮಾಲೀಕರನ್ನು ನೋಡಲು ಮಹಡಿ ಹತ್ತಿದ. ಮೊದಲ ಬಾರಿಗೆ ಅವನು ಮೆಟ್ಟಿಲ ಮಧ್ಯೆ ನಿಂತದ್ದನ್ನು ಕಂಡೆ. ಅದು ಸುಸ್ತಲ್ಲ. ಅರ್ಧ ಗಂಟೆ ಬಿಟ್ಟು ಇಳಿದು ಬಂದು, ಬೆಳಗಿನ ಹೊತ್ತು ಹೊಲಿಗೆ ಮೇಜು ಅವಳದೇ, ಮಧ್ಯಾಹ್ನದ ಮೇಲೆ ಬೇರೆಯವರು ಎಂದು ಹೇಳಿದ. ಅಂತೂ ಮೇಜು ಉಳಿಯಿತು. ಸುಸ್ತು ಹೋಗಲಿಲ್ಲ, ಅದು ಹೋಗುವುದಿಲ್ಲವಂತೆ. ಆದರೆ ಹನ್ನೆರಡು ಗಂಟೆಗೆ ಅವಳು ಸೂಜಿ ಕೆಳಗಿಟ್ಟರೆ ಹಾಸಿಗೆ ತರಿಸಲಾ ಎಂದು ಕೇಳುವ ಬಾಯಿ ಈಗ ನಮ್ಮಲ್ಲಿ ಒಂದೂ ಇಲ್ಲ. ಮೊನ್ನೆ ಅಡುಗೆ ಪುಸ್ತಕವೊಂದನ್ನು ಹೊಲಿಯುತ್ತಾ, ಅದರಲ್ಲಿ ಒಂದು ಕೊಲೆಯಾಗಿದೆ ಎಂದು ಕಥೆ ಶುರುಮಾಡಿದ್ದಳು, ಅರ್ಧಕ್ಕೇ ಸುಸ್ತಾಗಿ ನಿಲ್ಲಿಸಿದಳು. ಕೊಲೆಗಾರ ಯಾರೆಂದು ನಮಗಿನ್ನೂ ಗೊತ್ತಿಲ್ಲ.

ಅಣ್ಣ ಮಾತ್ರ ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದ. ಇನ್ನು ಮೇಲೆ ಮೂರು ತಿಂಗಳಿಗೊಮ್ಮೆ ಫಾರಂ ಕಳಿಸುತ್ತೇನೆ, ನೀವೇ ತುಂಬಿ ಎಂದು ಡಾಕ್ಟರಮ್ಮ ಹೇಳಿದ್ದರು. ಅದರಲ್ಲಿ ಮೊದಲನೆಯದು ಬಂದಾಗ ಅವಳು ಅದನ್ನು ತನ್ನ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದಳು. ಅವನು ಬಂದು ಪಕ್ಕದಲ್ಲಿ ನಿಂತ. ಚಹಾದ ಲೋಟ ತಂದಿದ್ದ, ಅದನ್ನು ಅವಳ ಕೈ ಹತ್ತಿರ ಇಟ್ಟ.

“ಆಯ್ತಲ್ಲಮ್ಮ. ಮೇಜು ಸಿಕ್ತು, ಔಷಧಿ ಸಿಕ್ತು. ಎಲ್ಲರ ಮುಂದೆ ನಿಂತು ಹೇಳಿದ್ದೂ ಆಯ್ತು. ಇನ್ನಾದ್ರೂ ಸಿಟ್ಟು ಬಿಡು.”

ಅವಳು ಮೂರನೇ ಪುಟ ತಿರುವಿ ಒಂದು ಪ್ರಶ್ನೆಯ ಕೆಳಗೆ ಬೆರಳಿಟ್ಟು ಅವನಿಗೆ ತೋರಿಸಿದಳು. ನಾನೂ ಬಗ್ಗಿ ಓದಿದೆ: ‘ಕಳೆದ ಎರಡು ವಾರದಲ್ಲಿ ನಿಮಗೆ ಎಷ್ಟು ಸಲ ಸಿಟ್ಟು ಬಂತು?’ ಎಂಟು ವರ್ಷ, ಹದಿನಾರು ಸಲ, ಅವಳ ಹೆಸರಿನಲ್ಲಿ ಅವನು ಅಲ್ಲಿ ‘ಒಮ್ಮೆಯೂ ಇಲ್ಲ’ ಎಂಬುದರ ಮೇಲೆ ಬಾಲ ಬಿಟ್ಟಿದ್ದ.

ಅವಳು ಪೆನ್ನನ್ನು ಪಕ್ಕಕ್ಕಿಟ್ಟು ಸೂಜಿ ತೆಗೆದುಕೊಂಡಳು. ‘ಯಾವಾಗಲೂ’ ಎಂದಿದ್ದ ಮನೆಯ ನಡುವಿಗೆ ಇಟ್ಟು, ಅಣ್ಣನ ಮುಖ ನೋಡುತ್ತಾ, ನಾಲ್ಕೂ ಪುಟ ದಾಟಿ ಮರದ ಮೇಜಿಗೆ ತಾಗುವ ತನಕ ಒತ್ತಿದಳು.